ಲಾಗಿನ್ ಫಾರ್ಮ್ ಕಾಂಪೊನೆಂಟ್: ಒಳಗೆ ಏನಿರಬೇಕು, ಹೊರಗೆ ಏನು ಉಳಿಯಬೇಕು

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಲೆಕ್ಕ ಹಾಕೋಣ. ನಿಮ್ಮ ಅಪ್ಲಿಕೇಶನ್‌ನಲ್ಲಿ ಲಾಗಿನ್ ಫಾರ್ಮ್ ಎಷ್ಟು ಕಡೆ ಬರುತ್ತದೆ? ಅದಕ್ಕೆಂದೇ ಮಾಡಿದ ಪುಟ ಒಂದಿರುತ್ತದೆ. ಹಣ ಪಾವತಿಗೆ ಮುಂಚೆ ಪಕ್ಕದಲ್ಲಿ ತೆರೆದುಕೊಳ್ಳುವ ಚಿಕ್ಕ ಫಾರ್ಮ್ ಇರುತ್ತದೆ. ಸೆಷನ್ ಮುಗಿದಾಗ ಕೆಲಸ ನಡೆಯುತ್ತಿರುವ ಪುಟದ ಮೇಲೇ ಬಂದು ನಿಲ್ಲುವ ಡೈಲಾಗ್ ಇರುತ್ತದೆ. ಖಾತೆ ಅಳಿಸುವ ಮುನ್ನ "ಪಾಸ್‌ವರ್ಡ್ ಮತ್ತೊಮ್ಮೆ ಕೊಡಿ" ಅನ್ನುವುದೂ ಲಾಗಿನ್ ಫಾರ್ಮೇ. ಅಡ್ಮಿನ್ ಕಡೆಯದು ಬೇರೆ. ಇವನ್ನೆಲ್ಲ ಸಾಮಾನ್ಯವಾಗಿ ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಬರೆದಿರುತ್ತಾರೆ. ಆದ್ದರಿಂದ ಒಂದರಲ್ಲಿ ಪಾಸ್‌ವರ್ಡ್ ಮ್ಯಾನೇಜರ್ ತಾನಾಗಿ ತುಂಬುತ್ತದೆ, ಇನ್ನೊಂದರಲ್ಲಿ ತುಂಬುವುದಿಲ್ಲ. ಒಂದರಲ್ಲಿ ಎಂಟರ್ ಒತ್ತಿದರೆ ಫಾರ್ಮ್ ಸಬ್‌ಮಿಟ್ ಆಗುತ್ತದೆ, ಇನ್ನೊಂದರಲ್ಲಿ ಪಾಸ್‌ವರ್ಡ್ ಎಲ್ಲರಿಗೂ ಕಾಣುವಂತೆ ತೆರೆದುಕೊಳ್ಳುತ್ತದೆ.

ಸರಿ, ಎಲ್ಲ ಕಡೆ ಮರುಬಳಸಬಹುದಾದ ಒಂದೇ ಕಾಂಪೊನೆಂಟ್ ಮಾಡಿಬಿಡೋಣ ಎಂದು ತಂಡ ತೀರ್ಮಾನಿಸುತ್ತದೆ. ಎಡವುವುದು ಅಲ್ಲೇ. ಬಣ್ಣ, ಅಂಚು, ಬಟನ್ ಆಕಾರ ಇವನ್ನು ಒಂದೆಡೆ ತರುತ್ತಾರೆ. ಅದು ಸಿಎಸ್‌ಎಸ್‌ನಿಂದಲೇ ಆಗುತ್ತಿತ್ತು. ನಿಜವಾಗಿ ಒಂದೆಡೆ ತರಬೇಕಾದದ್ದು ಈ ಫಾರ್ಮ್ ಬ್ರೌಸರ್ ಜೊತೆ, ಪಾಸ್‌ವರ್ಡ್ ಮ್ಯಾನೇಜರ್ ಜೊತೆ, ತೆರೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು. ಅದು ಕಾಂಪೊನೆಂಟಿನ ಒಳಗಿರಬೇಕು, ಕಾಂಪೊನೆಂಟ್ ಬಳಸುವ ಡೆವಲಪರ್ ಅದನ್ನು ಬದಲಿಸುವಂತಿರಬಾರದು. ರಿಕ್ವೆಸ್ಟ್ ಯಾವ ವಿಳಾಸಕ್ಕೆ, ಸೆಷನ್ ಎಲ್ಲಿ ಉಳಿಯುತ್ತದೆ, ಲಾಗಿನ್ ಆದಮೇಲೆ ಯಾವ ಪುಟ, ಇವು ಯಾವುದನ್ನೂ ಕಾಂಪೊನೆಂಟ್ ತಾನೇ ತೀರ್ಮಾನಿಸಬಾರದು. ಇವತ್ತಿನ ಮಾತೆಲ್ಲ ಈ ಗೆರೆಯ ಸುತ್ತಲೇ.

ಪ್ರಾಪ್‌ಗಳಿಂದ, ಅಂದರೆ ಕಾಂಪೊನೆಂಟಿಗೆ ಹೊರಗಿನಿಂದ ಕೊಡುವ ವ್ಯಾಲ್ಯೂಗಳಿಂದ, ಶುರು ಮಾಡೋಣ, ಏಕೆಂದರೆ ಕಾಂಪೊನೆಂಟ್ ಹಾಳಾಗುವುದು ಅಲ್ಲಿಂದಲೇ. "ರಿಮೆಂಬರ್ ಮಿ ತೋರಿಸು", "ಲೋಗೊ ತೋರಿಸು", "ಗೂಗಲ್ ಬಟನ್ ತೋರಿಸು", "ನೋಂದಣಿಯ ಲಿಂಕ್ ಅಡಗಿಸು" ಎಂದು ಹೌದು-ಅಲ್ಲ ಪ್ರಾಪ್‌ಗಳು ಒಂದೊಂದಾಗಿ ಸೇರುತ್ತವೆ. ಅಂಥ ಆರು ಪ್ರಾಪ್ ಇದ್ದರೆ 64 ರೂಪಗಳು ಸಾಧ್ಯ, ಯಾರೂ ಅಷ್ಟನ್ನು ಪರೀಕ್ಷಿಸುವುದಿಲ್ಲ. ಇವೆಲ್ಲದರ ಬದಲು ಎರಡು ಸ್ಲಾಟ್ ಸಾಕು: ಫೀಲ್ಡ್‌ಗಳ ಮೇಲೊಂದು, ಬಟನ್ ಕೆಳಗೊಂದು. ಲೋಗೊ, ಲಿಂಕ್, ಬೇರೆ ಲಾಗಿನ್ ಬಟನ್, ಏನು ಬೇಕಾದರೂ ಬಳಸುವವರೇ ಅಲ್ಲಿ ಇಡಲಿ. ಉಳಿದಂತೆ ಫಾರ್ಮಿನ ಆಕ್ಷನ್ ವಿಳಾಸ, ಸಬ್‌ಮಿಟ್ ಆದಾಗ ಕರೆಯಬೇಕಾದ ಫಂಕ್ಷನ್, ಮೊದಲೇ ತುಂಬಿರಬೇಕಾದ ಯೂಸರ್‌ನೇಮ್, ಕಾಣಿಸಬೇಕಾದ ಪಠ್ಯಗಳ ಪಟ್ಟಿ. ಇಷ್ಟೇ. ಐದನೆಯದೊಂದು ಪ್ರಾಪ್ ಬೇಕು ಅನಿಸಿದಾಗ, ಅದು ಸ್ಲಾಟ್‌ನಲ್ಲಿ ಕೂರುತ್ತದೆಯೇ ಎಂದು ಮೊದಲು ನೋಡಿ.

ಸಬ್‌ಮಿಟ್ ಫಂಕ್ಷನ್ ಏನು ಹಿಂದಿರುಗಿಸಬೇಕು ಎಂಬುದನ್ನೂ ಗಟ್ಟಿಯಾಗಿ ಹೇಳಿಬಿಡಿ. ಯಶಸ್ಸು, ತಪ್ಪು ವಿವರ, ತಾತ್ಕಾಲಿಕ ತಡೆ, ಎರಡನೇ ಹಂತ ಬೇಕು, ಸಂಪರ್ಕ ಇಲ್ಲ, ಪುಟ ಹಳೆಯದಾಗಿದೆ. ಇಷ್ಟು ಸಂಕೇತಗಳಲ್ಲಿ ಒಂದು ಮಾತ್ರ. ಸರ್ವರ್ ಕಳಿಸಿದ ವಾಕ್ಯವನ್ನು ಹಾಗೇ ತೆಗೆದು ತೆರೆಯ ಮೇಲೆ ಹಾಕುವ ರೂಢಿ ಬೇಡ. ವಾಕ್ಯ ಯಾವುದು ಎಂಬುದನ್ನು ಸಂಕೇತ ನೋಡಿ ಕಾಂಪೊನೆಂಟ್ ಆರಿಸಲಿ. ಭಾಷೆ ಬದಲಿಸುವುದೂ ಆಗ ಸುಲಭ.

ಇನ್ನು ಒಳಗಿನ ಎಚ್‌ಟಿಎಂಎಲ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಎರಡೂ ಫೀಲ್ಡ್ ಒಂದೇ ಫಾರ್ಮ್ ಎಲಿಮೆಂಟಿನ ಒಳಗಿರಬೇಕು. ಡಿವ್ ಒಳಗೆ ಎರಡು ಇನ್‌ಪುಟ್ ಇಟ್ಟು ಬಟನ್‌ಗೆ ಕ್ಲಿಕ್ ಹ್ಯಾಂಡ್ಲರ್ ಹಾಕಿದರೆ ಎಂಟರ್ ಕೆಲಸ ಮಾಡುವುದಿಲ್ಲ, ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳುವುದೂ ಅನುಮಾನ. ಮೊದಲ ಫೀಲ್ಡಿನ ಆಟೋಕಂಪ್ಲೀಟ್ 'ಯೂಸರ್‌ನೇಮ್', ಎರಡನೆಯದರದ್ದು 'ಕರೆಂಟ್-ಪಾಸ್‌ವರ್ಡ್'. ಇಮೇಲ್‌ನಿಂದ ಲಾಗಿನ್ ಆಗುವ ಕಡೆಯೂ 'ಯೂಸರ್‌ನೇಮ್' ಎಂದೇ ಇಡಿ, ಏಕೆಂದರೆ ಪಾಸ್‌ವರ್ಡ್ ಮ್ಯಾನೇಜರ್ ಹುಡುಕುವುದು ಗುರುತಿನ ಫೀಲ್ಡನ್ನು. ಮೊಬೈಲ್ ಕೀಬೋರ್ಡ್ ಮೊದಲ ಅಕ್ಷರವನ್ನು ದೊಡ್ಡದು ಮಾಡದಂತೆ ಆಟೋಕ್ಯಾಪಿಟಲೈಸ್ 'ನನ್' ಆಗಿರಲಿ, ಸ್ಪೆಲ್‌ಚೆಕ್ 'ಫಾಲ್ಸ್' ಆಗಿರಲಿ. ಇನ್‌ಪುಟ್‌ನ ಅಕ್ಷರ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಐಫೋನ್‌ನ ಸಫಾರಿ ಫೀಲ್ಡ್ ಮುಟ್ಟಿದ ಕೂಡಲೇ ಪುಟವನ್ನು ಹಿಗ್ಗಿಸುತ್ತದೆ. ಬಳಸುವವರ ಸಿಎಸ್‌ಎಸ್ ಇದನ್ನು 14ಕ್ಕೆ ಇಳಿಸದಂತೆ ಕಾಂಪೊನೆಂಟೇ ಕಾಯಬೇಕು.

ಈಗ ಆ ಎಂಟರ್ ಒತ್ತಿದಾಗ ಪಾಸ್‌ವರ್ಡ್ ತೆರೆದುಕೊಳ್ಳುವ ವಿಚಾರ. ಎಚ್‌ಟಿಎಂಎಲ್‌ನಲ್ಲಿ ಬಟನ್‌ಗೆ ಟೈಪ್ ಹೇಳದಿದ್ದರೆ ಅದು 'ಸಬ್‌ಮಿಟ್' ಎಂದೇ ಅರ್ಥ. ಎಂಟರ್ ಒತ್ತಿದಾಗ ಬ್ರೌಸರ್ ಆ ಫಾರ್ಮಿನಲ್ಲಿ ಮೊದಲು ಸಿಗುವ ಸಬ್‌ಮಿಟ್ ಬಟನ್ ಅನ್ನು ಒತ್ತಿದಂತೆ ಮಾಡುತ್ತದೆ. ಪಾಸ್‌ವರ್ಡ್ ಫೀಲ್ಡಿನ ಒಳಗೆ ಕೂತಿರುವ ಕಣ್ಣಿನ ಬಟನ್ ಲಾಗಿನ್ ಬಟನ್‌ಗಿಂತ ಮೊದಲು ಬರುತ್ತದಲ್ಲ? ಅದಕ್ಕೆ ಟೈಪ್ 'ಬಟನ್' ಎಂದು ಬರೆಯಲು ಮರೆತರೆ ಎಂಟರ್ ಹೊಡೆದಾಗ ಕ್ಲಿಕ್ ಹೋಗುವುದು ಕಣ್ಣಿಗೇ. ಲಾಗಿನ್ ಬಟನ್ ಅನ್ನು ಮೌಸ್‌ನಿಂದಲೇ ಒತ್ತಿ ಪರೀಕ್ಷಿಸುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಅದೇ ಕಣ್ಣಿನ ಬಟನ್ ಬಗ್ಗೆ ಇನ್ನೊಂದು ಮಾತು. ಅದನ್ನು ಒತ್ತಿದಾಗ ಇನ್‌ಪುಟ್‌ನ ಟೈಪ್ 'ಪಾಸ್‌ವರ್ಡ್'ನಿಂದ 'ಟೆಕ್ಸ್ಟ್'ಗೆ ಬದಲಾಗುತ್ತದೆ. ಆ ಕ್ಷಣದಿಂದ ಬ್ರೌಸರ್ ಪಾಲಿಗೆ ಅದು ಮಾಮೂಲಿ ಪಠ್ಯ: ಕಾಗುಣಿತ ಪರಿಶೀಲನೆ ಬ್ರೌಸರ್ ಕಂಪನಿಯ ಸರ್ವರ್‌ನಲ್ಲಿ ನಡೆಯುವ ಆಯ್ಕೆ ಆನ್ ಆಗಿದ್ದರೆ ಪಾಸ್‌ವರ್ಡ್ ಅಲ್ಲಿಗೂ ಹೋಗಬಹುದು. ಸ್ಪೆಲ್‌ಚೆಕ್ 'ಫಾಲ್ಸ್' ಇರಲಿ ಎಂದದ್ದು ಇದಕ್ಕೂ. ಜೊತೆಗೆ ಸಬ್‌ಮಿಟ್ ಆಗುವ ಮೊದಲು ಟೈಪ್ ಅನ್ನು ಮತ್ತೆ 'ಪಾಸ್‌ವರ್ಡ್'ಗೆ ತಿರುಗಿಸಿ, ಇಲ್ಲದಿದ್ದರೆ ಹಿಂದೆ ಟೈಪಿಸಿದ ಪಠ್ಯಗಳ ಪಟ್ಟಿಗೆ ಅದು ಸೇರುವ ಸಂಭವ ಉಂಟು.

ಇದಕ್ಕಿಂತ ಗಂಭೀರವಾದದ್ದು ಮೆಥಡ್, ಅಂದರೆ ಫಾರ್ಮ್ ತನ್ನ ಮಾಹಿತಿಯನ್ನು ಸರ್ವರ್‌ಗೆ ಕಳಿಸುವ ವಿಧಾನ. "ನಾವು ಜಾವಾಸ್ಕ್ರಿಪ್ಟಿನ ಫೆಚ್‌ನಿಂದ ಕಳಿಸುತ್ತೇವೆ, ಫಾರ್ಮಿಗೆ ಮೆಥಡ್ ಯಾಕೆ ಬೇಕು?" ಎಂದು ಕೇಳುವವರಿದ್ದಾರೆ. ಪುಟದ ಎಚ್‌ಟಿಎಂಎಲ್ ಸರ್ವರ್‌ನಿಂದ ಬಂದಾಯಿತು, ಆದರೆ ಜಾವಾಸ್ಕ್ರಿಪ್ಟ್ ಇನ್ನೂ ಇಳಿಯುತ್ತಿದೆ, ಹೈಡ್ರೇಷನ್ (ಬಂದ ಪುಟಕ್ಕೆ ಸ್ಕ್ರಿಪ್ಟ್ ಜೋಡಣೆ) ಆಗಿಲ್ಲ ಎಂದುಕೊಳ್ಳಿ. ಪಾಸ್‌ವರ್ಡ್ ಮ್ಯಾನೇಜರ್ ಫೀಲ್ಡ್ ತುಂಬಿಬಿಟ್ಟಿದೆ, ಬಳಕೆದಾರ ಎಂಟರ್ ಹೊಡೆಯುತ್ತಾನೆ. ನಿಮ್ಮ ಹ್ಯಾಂಡ್ಲರ್ ಇನ್ನೂ ಇಲ್ಲ, ಹಾಗಾಗಿ ಬ್ರೌಸರ್ ತನ್ನ ಪಾಡಿಗೆ ಸಬ್‌ಮಿಟ್ ಮಾಡುತ್ತದೆ. ಮೆಥಡ್ ಬರೆಯದಿದ್ದರೆ ಅದು 'ಗೆಟ್'. ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ವಿಳಾಸ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಬಂದು ಕೂರುತ್ತವೆ. ಅಲ್ಲಿಂದ ಬ್ರೌಸರ್ ಹಿಸ್ಟರಿಗೆ, ಸರ್ವರ್‌ನ ಆಕ್ಸೆಸ್ ಲಾಗ್‌ಗೆ, ಸರ್ವರ್‌ನ ಮುಂದಿರುವ ಪ್ರಾಕ್ಸಿಯ ಲಾಗ್‌ಗೆ. ಎಚ್‌ಟಿಟಿಪಿಎಸ್ ಇದ್ದರೂ ಈ ಲಾಗ್‌ಗಳಿಂದ ರಕ್ಷಣೆ ಇಲ್ಲ. ನಿಧಾನದ ನೆಟ್‌ವರ್ಕ್‌ನಲ್ಲಿ ಮಾತ್ರ ಆಗುವುದರಿಂದ ನಿಮ್ಮ ಕಂಪ್ಯೂಟರಿನಲ್ಲಿ ಇದು ಕಾಣದು. ಮೆಥಡ್ 'ಪೋಸ್ಟ್' ಎಂಬುದನ್ನು ಕಾಂಪೊನೆಂಟಿನ ಒಳಗೇ ಬರೆದಿಡಿ, ಪ್ರಾಪ್ ಮಾಡಬೇಡಿ. ಆಕ್ಷನ್ ವಿಳಾಸ ಕಡ್ಡಾಯ ಪ್ರಾಪ್ ಆಗಿರಲಿ, ಆ ವಿಳಾಸದಲ್ಲಿ ಸರ್ವರ್ ಸಾದಾ ಫಾರ್ಮ್ ಪೋಸ್ಟ್ ಅನ್ನೂ ಒಪ್ಪಲಿ. ಆಗ ಜಾವಾಸ್ಕ್ರಿಪ್ಟ್ ಬಾರದಿದ್ದರೂ ಲಾಗಿನ್ ನಡೆಯುತ್ತದೆ.

ಇದರ ಪಕ್ಕದಲ್ಲೇ ಇರುವ ಇನ್ನೊಂದು ತೊಂದರೆ, ಎರಡೂ ಫೀಲ್ಡ್ ತುಂಬುವವರೆಗೂ ಬಟನ್ ಅನ್ನು ಡಿಸೇಬಲ್ ಮಾಡಿಡುವುದು. ನೋಡಲು ಅಚ್ಚುಕಟ್ಟು. ಆದರೆ ಬ್ರೌಸರ್ ತಾನಾಗಿ ತುಂಬಿದಾಗ ನಿಮ್ಮ ಚೇಂಜ್ ಈವೆಂಟ್ ಬರದೇ ಇರಬಹುದು. ಹೈಡ್ರೇಷನ್‌ಗೂ ಮೊದಲೇ ತುಂಬಿದ್ದರೆ ಬರುವುದೇ ಇಲ್ಲ. ಬಳಕೆದಾರ ಪುಟವನ್ನು ಒಮ್ಮೆ ಮುಟ್ಟುವವರೆಗೂ ಕ್ರೋಮ್ ತಾನು ತುಂಬಿದ ಪಾಸ್‌ವರ್ಡನ್ನು ಸ್ಕ್ರಿಪ್ಟ್‌ಗೆ ತೋರಿಸದಿರುವುದೂ ಉಂಟು. ಪರಿಣಾಮ, ಕಣ್ಣೆದುರು ಫೀಲ್ಡ್ ತುಂಬಿದೆ, ಬಟನ್ ಮಾತ್ರ ಮಂಕಾಗಿ ಕೂತಿದೆ. ಮೊದಲ ಸಬ್‌ಮಿಟ್ ಬಟನ್ ಡಿಸೇಬಲ್ ಆಗಿದ್ದರೆ ಎಂಟರ್ ಕೂಡ ಏನೂ ಮಾಡುವುದಿಲ್ಲ. ಆದ್ದರಿಂದ ಬಟನ್ ಯಾವಾಗಲೂ ಜೀವಂತ ಇರಲಿ. ವ್ಯಾಲ್ಯೂಗಳನ್ನು ಪ್ರತಿ ಕೀಲಿಗೂ ಸ್ಟೇಟ್‌ನಲ್ಲಿ ಹಿಡಿದಿಡುವ ಬದಲು ಸಬ್‌ಮಿಟ್ ಆಗುವ ಹೊತ್ತಿಗೆ ಫಾರ್ಮ್‌ಡೇಟಾದಿಂದ ಓದಿಕೊಳ್ಳಿ. ಅದಕ್ಕಾಗಿ ಇನ್‌ಪುಟ್‌ಗಳಿಗೆ ನೇಮ್ ಇರಲೇಬೇಕು. ಲಾಗಿನ್ ಫಾರ್ಮಿನಲ್ಲಿ ಹಾಗೆ ಸ್ಟೇಟ್‌ನಲ್ಲಿ ಹಿಡಿದಿಡುವ ಕಂಟ್ರೋಲ್ಡ್ ಇನ್‌ಪುಟ್‌ನಿಂದ ಸಿಗುವ ಲಾಭ ಏನು ಎಂದು ಹುಡುಕಿದರೆ, ನನಗಂತೂ ಒಂದೂ ಕಾಣುವುದಿಲ್ಲ.

ಐಡಿಗಳ ವಿಷಯ ಬೇಗ ಮುಗಿಸುತ್ತೇನೆ. ಒಂದೇ ಕಾಂಪೊನೆಂಟ್ ಒಂದೇ ಪುಟದಲ್ಲಿ ಎರಡು ಸಲ ಬಂದರೆ, 'ಇಮೇಲ್' ಎಂಬ ಐಡಿಯೂ ಎರಡು ಸಲ ಬರುತ್ತದೆ. ಎರಡನೇ ಫಾರ್ಮಿನ ಲೇಬಲ್ ಒತ್ತಿದರೆ ಕರ್ಸರ್ ಮೊದಲ ಫಾರ್ಮಿಗೆ ಹಾರುತ್ತದೆ. ರ‍್ಯಾಂಡಮ್ ಸಂಖ್ಯೆ ಸೇರಿಸಿದರೆ ಸರ್ವರ್‌ನಲ್ಲಿ ಬಂದ ಐಡಿಗೂ ಬ್ರೌಸರ್‌ನಲ್ಲಿ ಬಂದ ಐಡಿಗೂ ತಾಳೆಯಾಗದು. ರಿಯಾಕ್ಟ್‌ನಲ್ಲಿ 2022ರ 18ನೇ ಆವೃತ್ತಿಯಿಂದ, ವ್ಯೂನಲ್ಲಿ 3.5ರಿಂದ 'ಯೂಸ್‌ಐಡಿ' ಇದಕ್ಕೆಂದೇ ಇದೆ. ವೆಬ್ ಕಾಂಪೊನೆಂಟ್ ಬರೆಯುವವರಿಗೆ ಒಂದು ಸೂಚನೆ: ಇನ್‌ಪುಟ್‌ಗಳನ್ನು ಶ್ಯಾಡೋ ಡಾಮ್ (ಪುಟದ ಉಳಿದ ಭಾಗದಿಂದ ಬೇರ್ಪಟ್ಟ ಭಾಗ) ಒಳಗೆ, ಫಾರ್ಮನ್ನು ಹೊರಗೆ ಇಡಬೇಡಿ. ಆ ಇನ್‌ಪುಟ್‌ಗಳು ಹೊರಗಿನ ಫಾರ್ಮಿನ ಭಾಗವೇ ಆಗುವುದಿಲ್ಲ, ಲೇಬಲ್ ಕೂಡ ಆ ಗಡಿ ದಾಟುವುದಿಲ್ಲ. ಲಾಗಿನ್ ಫಾರ್ಮಿಗೆ ಶ್ಯಾಡೋ ಡಾಮ್ ಬಳಸದಿರುವುದೇ ಲೇಸು.

ಪಾಸ್‌ವರ್ಡ್ ಫೀಲ್ಡಿನಲ್ಲಿ ಮಾಡಬಾರದ ಕೆಲಸಗಳು ಕೆಲವಿವೆ. ಪೇಸ್ಟ್ ತಡೆಯಬೇಡಿ. ವೆಬ್ ಎಲ್ಲರಿಗೂ ಬಳಸಲು ಬರುವಂತಿರಬೇಕೆಂಬ ಮಾರ್ಗಸೂಚಿಯಾದ, ಅಕ್ಟೋಬರ್ 2023ರಲ್ಲಿ ಬಂದ ಡಬ್ಲ್ಯೂಸಿಎಜಿ 2.2ರ 3.3.8ನೇ ನಿಯಮದ ಪ್ರಕಾರ, ಬೇರೆ ದಾರಿ ಕೊಡದೆ ನೆನಪಿನಿಂದಲೇ ಪಾಸ್‌ವರ್ಡ್ ಟೈಪಿಸಿ ಎಂದು ಕಟ್ಟಿಹಾಕುವುದು ದೋಷ. ಯೂಸರ್‌ನೇಮ್‌ನ ಹಿಂದು ಮುಂದಿನ ಖಾಲಿ ಜಾಗ ಕತ್ತರಿಸಿ, ಪಾಸ್‌ವರ್ಡಿನದ್ದನ್ನು ಮುಟ್ಟಬೇಡಿ. ಮ್ಯಾಕ್ಸ್‌ಲೆಂತ್ ಹಾಕಬೇಡಿ. ಮ್ಯಾಕ್ಸ್‌ಲೆಂತ್ 32 ಇರುವ ಕಡೆ 40 ಅಕ್ಷರದ ಪಾಸ್‌ವರ್ಡ್ ಪೇಸ್ಟ್ ಮಾಡಿದರೆ ಬ್ರೌಸರ್ ಸದ್ದಿಲ್ಲದೆ ಕೊನೆಯ 8 ಅಕ್ಷರ ಕತ್ತರಿಸುತ್ತದೆ. ತೆರೆಯ ಮೇಲೆ ಬರೀ ಚುಕ್ಕಿಗಳು, ಯಾರಿಗೂ ಗೊತ್ತಾಗುವುದಿಲ್ಲ. "ಪಾಸ್‌ವರ್ಡ್ ತಪ್ಪು" ಎಂದು ಬರುತ್ತಲೇ ಇರುತ್ತದೆ. "ಒಂದು ದೊಡ್ಡಕ್ಷರ, ಒಂದು ಅಂಕಿ ಇರಬೇಕು" ಎಂಬ ನಿಯಮ ಹೊಸ ಪಾಸ್‌ವರ್ಡ್ ಮಾಡುವಾಗಿನದು. ಲಾಗಿನ್‌ನಲ್ಲಿ ಅದನ್ನು ಪರೀಕ್ಷಿಸಿದರೆ ಹಳೆಯ ನಿಯಮದ ಕಾಲದಲ್ಲಿ ಖಾತೆ ಮಾಡಿದವರು ಸರ್ವರ್ ತನಕ ಹೋಗಲಾರದೆ ಬಾಗಿಲಲ್ಲೇ ನಿಲ್ಲುತ್ತಾರೆ.

ಉದ್ದದ ಮಿತಿ ಸರ್ವರ್ ಕಡೆ ಬರುವುದು ಬೈಟ್ ಲೆಕ್ಕದಲ್ಲಿ. ಪಾಸ್‌ವರ್ಡ್ ಹ್ಯಾಶ್ ಮಾಡುವ (ಮರಳಿ ಬಿಡಿಸಲಾಗದ ರೂಪಕ್ಕೆ ತರುವ) ಬಿಕ್ರಿಪ್ಟ್ ಬಳಸಿಕೊಳ್ಳುವುದು ಮೊದಲ 72 ಬೈಟ್ ಮಾತ್ರ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ 24 ಸಂಕೇತಕ್ಕೇ ಮುಗಿಯಿತು. 'ಕ್ಷ' ಎಂಬ ಒಂದಕ್ಷರಕ್ಕೆ ಕ, ವಿರಾಮ, ಷ ಎಂದು ಮೂರು ಸಂಕೇತ, 9 ಬೈಟ್. ಇನ್ನೊಂದು ಸೂಕ್ಷ್ಮ: 'ಕೊ'ದಲ್ಲಿರುವ ಸ್ವರ ಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರದ ಚಿಹ್ನೆ ಮತ್ತು ಊ-ಕಾರದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್ ಬೇರೆ, ಹ್ಯಾಶ್ ಬೇರೆ. ಒಂದು ಕೀಬೋರ್ಡ್‌ನಲ್ಲಿ ಪಾಸ್‌ವರ್ಡ್ ಮಾಡಿ ಇನ್ನೊಂದರಲ್ಲಿ ಲಾಗಿನ್ ಆಗಲು ಹೋದವರಿಗೆ ಇದು ಬಾಧಿಸಬಹುದು. ಪಾಸ್‌ವರ್ಡ್ ಇಡುವಾಗಲೂ ಪರೀಕ್ಷಿಸುವಾಗಲೂ ಸರ್ವರ್‌ನಲ್ಲೇ ಒಂದೇ ರೀತಿ ಯುನಿಕೋಡ್ ನಾರ್ಮಲೈಸ್ ಮಾಡಬೇಕು. ಇದು ಕಾಂಪೊನೆಂಟಿನ ಕೆಲಸವಲ್ಲ. ಒಂದು ಫಾರ್ಮಿನಲ್ಲಿ ಮಾಡಿ ಇನ್ನೊಂದರಲ್ಲಿ ಬಿಟ್ಟರೆ ಇದ್ದ ತೊಂದರೆ ಇಮ್ಮಡಿ.

ಇನ್ನು ಸಬ್‌ಮಿಟ್ ಆದಮೇಲೆ. ಎರಡು ಸಲ ಒತ್ತುವುದನ್ನು ತಡೆಯಲು ಬಟನ್ ಅನ್ನು ಡಿಸೇಬಲ್ ಮಾಡುವುದು ರೂಢಿ. ಹಾಗೆ ಮಾಡಿದರೆ ಬಟನ್ ಮೇಲಿದ್ದ ಫೋಕಸ್ ಕಳೆದುಹೋಗಬಹುದು, ಕೀಬೋರ್ಡ್ ಬಳಸುವವರು ಪುಟದ ತಲೆಗೆ ಮರಳಬೇಕಾಗಬಹುದು. 'ಆರಿಯ-ಡಿಸೇಬಲ್ಡ್' (ಬಟನ್ ಈಗ ನಿಷ್ಕ್ರಿಯ ಎಂದು ಸ್ಕ್ರೀನ್ ರೀಡರ್‌ಗೆ ಮಾತ್ರ ಹೇಳುವ ಗುರುತು) ಇಟ್ಟು, ಮೊದಲ ರಿಕ್ವೆಸ್ಟ್ ಮುಗಿಯುವವರೆಗೆ ಹ್ಯಾಂಡ್ಲರ್‌ನಲ್ಲೇ ಎರಡನೇ ಸಬ್‌ಮಿಟ್ ಅನ್ನು ಕೈಬಿಡುವುದು ವಾಸಿ. ತಪ್ಪಿನ ಸಂದೇಶಕ್ಕೆ ರೋಲ್ 'ಅಲರ್ಟ್' ಇರುವ ಖಾಲಿ ಜಾಗವೊಂದು ಮೊದಲಿಂದಲೂ ಪುಟದಲ್ಲಿರಲಿ, ಸಂದೇಶವನ್ನು ಅದರೊಳಗೆ ಹಾಕಿ. ಪ್ರತಿ ಸಬ್‌ಮಿಟ್‌ಗೂ ಅದನ್ನು ಮೊದಲು ಖಾಲಿ ಮಾಡಿ. ಎರಡನೇ ಸಲವೂ ಅದೇ ತಪ್ಪು, ಅದೇ ವಾಕ್ಯ ಬಂದರೆ ಪಠ್ಯದಲ್ಲಿ ಬದಲಾವಣೆಯೇ ಇಲ್ಲವೆಂದು ಸ್ಕ್ರೀನ್ ರೀಡರ್ ಸುಮ್ಮನಿರುತ್ತದೆ. ಪಾಸ್‌ವರ್ಡ್ ಅಳಿಸಿ, ಯೂಸರ್‌ನೇಮ್ ಉಳಿಸಿ, ಫೋಕಸ್ ಅನ್ನು ಪಾಸ್‌ವರ್ಡಿಗೆ ಒಯ್ಯಿರಿ.

ವಾಕ್ಯ ಏನಿರಬೇಕು? "ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ಸರಿಯಿಲ್ಲ." "ಈ ಇಮೇಲ್ ನಮ್ಮಲ್ಲಿಲ್ಲ" ಎಂದರೆ ಯಾರ ಖಾತೆ ಇದೆ, ಯಾರದಿಲ್ಲ ಎಂಬ ಪಟ್ಟಿಯನ್ನು ಕಳ್ಳನ ಕೈಗೆ ಕೊಟ್ಟಂತೆ. ವಾಕ್ಯ ಒಂದೇ ಇದ್ದರೂ ಖಾತೆ ಇಲ್ಲದಿದ್ದಾಗ ಉತ್ತರ ಥಟ್ಟನೆ ಬಂದು, ಇದ್ದಾಗ ಹ್ಯಾಶ್ ಲೆಕ್ಕ ಹಾಕಿ ತಡವಾಗಿ ಬಂದರೆ ಗುಟ್ಟು ಅಲ್ಲೇ ರಟ್ಟು. ಅದನ್ನು ಸರಿಪಡಿಸಬೇಕಾದದ್ದು ಸರ್ವರ್.

ಫೆಚ್ ಬಗ್ಗೆ ಒಂದು ಎಚ್ಚರ. ಸರ್ವರ್‌ನಿಂದ 401, 500ರಂಥ ತಪ್ಪಿನ ಸ್ಟೇಟಸ್ ಬಂದರೂ ಫೆಚ್‌ನ ಪ್ರಾಮಿಸ್ ವಿಫಲವಾಗುವುದಿಲ್ಲ. ಅದು ವಿಫಲವಾಗುವುದು ಸಂಪರ್ಕ ಕಡಿದಾಗ ಇಲ್ಲವೇ ಬ್ರೌಸರ್ ತಡೆದಾಗ. ಸ್ಟೇಟಸ್ ನೋಡದೆ "ಕ್ಯಾಚ್‌ಗೆ ಬರಲಿಲ್ಲ, ಅಂದರೆ ಯಶಸ್ಸು" ಎಂದುಕೊಂಡ ಕೋಡ್ ತಪ್ಪು ಪಾಸ್‌ವರ್ಡಿಗೂ ಮುಂದಿನ ಪುಟಕ್ಕೆ ಕಳಿಸುತ್ತದೆ. ಇದರ ಅಣ್ಣ ಇನ್ನೊಂದಿದೆ. ತಪ್ಪಾದಾಗ ಸರ್ವರ್ 302 ಕೊಟ್ಟು ಲಾಗಿನ್ ಪುಟಕ್ಕೇ ಮರಳಿಸುತ್ತದೆ. ಫೆಚ್ ಅದನ್ನು ತಾನಾಗಿ ಹಿಂಬಾಲಿಸಿ, ಲಾಗಿನ್ ಪುಟದ ಎಚ್‌ಟಿಎಂಎಲ್ ಅನ್ನು 200 ಎಂದು ತಂದು ಕೊಡುತ್ತದೆ. ಅದನ್ನು ಜೇಸನ್ ಎಂಬ ದತ್ತಾಂಶ ರೂಪವೆಂದು ಓದಲು ಹೋದರೆ ಮೊದಲ ಕೋನ ಚಿಹ್ನೆಗೇ ಎರರ್. ಕನ್ಸೋಲ್‌ನಲ್ಲಿ ಆ ಎರರ್ ಕಂಡರೆ ಜೇಸನ್ ಹುಡುಕಬೇಡಿ, ರೀಡೈರೆಕ್ಟ್ ಹುಡುಕಿ. 429 (ತೀರಾ ಹೆಚ್ಚು ರಿಕ್ವೆಸ್ಟ್) ಬಂದಾಗ ರಿಟ್ರೈ-ಆಫ್ಟರ್ ಹೆಡರ್ ನೋಡಿ. ಅದರಲ್ಲಿ ಸೆಕೆಂಡ್ ಸಂಖ್ಯೆಯೂ ಇರಬಹುದು, ದಿನಾಂಕವೂ ಇರಬಹುದು.

ಲಾಗಿನ್ ಫಾರ್ಮಿಗೂ ಸಿಎಸ್‌ಆರ್‌ಎಫ್ ಟೋಕನ್ (ರಿಕ್ವೆಸ್ಟ್ ನಮ್ಮದೇ ಪುಟದಿಂದ ಬಂತು ಎಂಬುದರ ಗುರುತು) ಬೇಕು. ಇಲ್ಲದಿದ್ದರೆ ಬೇರೆಯವನೊಬ್ಬ ತನ್ನ ಖಾತೆಗೇ ನಿಮ್ಮ ಬಳಕೆದಾರನನ್ನು ಲಾಗಿನ್ ಮಾಡಿಸಿ, ಆ ಬಳಕೆದಾರ ಅಲ್ಲಿ ತುಂಬಿದ್ದನ್ನೆಲ್ಲ ಆಮೇಲೆ ನೋಡಬಹುದು. ಮರುಬಳಕೆಯ ಮಟ್ಟಿಗೆ ಮುಖ್ಯ ಏನೆಂದರೆ, ಕಾಂಪೊನೆಂಟ್ ಮೌಂಟ್ ಆದಾಗ (ಪುಟಕ್ಕೆ ಬಂದು ಕೂತಾಗ) ಸಿಕ್ಕ ಟೋಕನ್ ಅನ್ನೇ ಹಿಡಿದಿಟ್ಟುಕೊಳ್ಳಬಾರದು. ಸರ್ವರ್ ಕಡೆಯ ಫ್ರೇಮ್‌ವರ್ಕ್ ಆದ ಜಾಂಗೋ ಪ್ರತಿ ಲಾಗಿನ್‌ಗೂ ಟೋಕನ್ ಬದಲಿಸುತ್ತದೆ. ಇನ್ನೊಂದು ಟ್ಯಾಬ್‌ನಲ್ಲಿ ತೆರೆದಿಟ್ಟ ಹಳೆಯ ಫಾರ್ಮ್ ಆಗ 403 (ನಿರಾಕರಣೆ) ಪಡೆಯುತ್ತದೆ. ಅದನ್ನು "ಪಾಸ್‌ವರ್ಡ್ ತಪ್ಪು" ಎಂದು ತೋರಿಸಿದರೆ ಬಳಕೆದಾರ ಸರಿಯಾದ ಪಾಸ್‌ವರ್ಡನ್ನೇ ಸುಮ್ಮನೆ ಬದಲಿಸಲು ಹೊರಡುತ್ತಾನೆ. "ಪುಟ ಹಳೆಯದಾಗಿದೆ" ಎಂಬ ಸಂಕೇತ ಬೇಕೆಂದದ್ದು ಇದಕ್ಕೇ. ಟೋಕನ್ ಅನ್ನು ಸಬ್‌ಮಿಟ್ ಫಂಕ್ಷನ್ ಆ ಹೊತ್ತಿಗೆ ಹೊಸದಾಗಿ ತರಲಿ.

ಮುಂದಿನ ಪುಟದ ವಿಳಾಸ 'ನೆಕ್ಸ್ಟ್' ಎಂಬ ಪ್ಯಾರಾಮೀಟರ್‌ನಲ್ಲಿ ಬರುವುದು ಸಾಮಾನ್ಯ. ಅದು ಓರೆಗೆರೆಯಿಂದ ಶುರುವಾಗಿದೆಯೇ ಎಂದಷ್ಟೇ ನೋಡುವವರು ಬಹಳ. ಎರಡು ಓರೆಗೆರೆ ಇದ್ದರೆ ಅದು ಬೇರೆ ಡೊಮೇನ್. ಒಂದು ಓರೆಗೆರೆ, ಒಂದು ಹಿಮ್ಮುಖ ಓರೆಗೆರೆ ಇದ್ದರೂ ಬ್ರೌಸರ್ ಅದನ್ನು ಹಾಗೆಯೇ ಓದುತ್ತದೆ. ಯುಆರ್‌ಎಲ್ ಪಾರ್ಸರ್‌ಗೆ ಕೊಟ್ಟು, ಒರಿಜಿನ್ (ಪ್ರೋಟೋಕಾಲ್, ಡೊಮೇನ್, ಪೋರ್ಟ್) ನಮ್ಮದೇ ಹೌದೇ ಎಂದು ಹೋಲಿಸುವುದೊಂದೇ ನಂಬುವಂಥ ದಾರಿ. ಮೊದಲೇ ಹೇಳಿದಂತೆ ಇದು ಕಾಂಪೊನೆಂಟಿನ ಹೊರಗಿನ ಕೆಲಸ.

ಸೆಷನ್ ಮುಗಿದಾಗ ಬರುವ ಡೈಲಾಗ್ ಮರುಬಳಕೆಗೆ ನಿಜವಾದ ಒರೆಗಲ್ಲು. ಅಲ್ಲಿ ಯೂಸರ್‌ನೇಮ್ ಮೊದಲೇ ತುಂಬಿರುತ್ತದೆ. ಅದನ್ನು ರೀಡ್‌ಓನ್ಲಿ ಮಾಡಿ, ಡಿಸೇಬಲ್ ಬೇಡ. ಡಿಸೇಬಲ್ ಆದ ಫೀಲ್ಡ್ ಫಾರ್ಮ್ ಜೊತೆ ಹೋಗುವುದೇ ಇಲ್ಲ. ಡೈಲಾಗ್ ಎಲಿಮೆಂಟ್ ಬಳಸುವವರು ಫಾರ್ಮಿನ ಮೆಥಡ್ ಅನ್ನು 'ಡೈಲಾಗ್' ಎಂದು ಬರೆದುಬಿಟ್ಟರೆ ಡೈಲಾಗ್ ಮುಚ್ಚುತ್ತದೆ, ಸರ್ವರ್‌ಗೆ ಏನೂ ಹೋಗಿರುವುದಿಲ್ಲ. ಬಳಸುವವರಿಗೆ ಮೆಥಡ್ ಮುಟ್ಟಲು ಬಿಡದಿರುವುದಕ್ಕೆ ಇದು ಎರಡನೇ ಕಾರಣ. ರೀಡ್‌ಓನ್ಲಿ ಇದ್ದರೂ ಒಳಗೆ ಬಂದದ್ದು ಅದೇ ಬಳಕೆದಾರನೇ ಎಂದು ಯಶಸ್ಸಿನ ನಂತರ ಐಡಿ ಹೋಲಿಸಿ ನೋಡಬೇಕು, ಏಕೆಂದರೆ ಪಾಸ್‌ಕೀ (ಪಾಸ್‌ವರ್ಡ್ ಇಲ್ಲದೆ ಸಾಧನದ ಬೆರಳಚ್ಚು ಅಥವಾ ಪಿನ್‌ನಿಂದ ಆಗುವ ಲಾಗಿನ್) ಅಥವಾ ಬೇರೆ ಲಾಗಿನ್ ಬಟನ್‌ನಿಂದ ಇನ್ನೊಬ್ಬರ ಖಾತೆ ಬರಬಹುದು. ಬೇರೆಯವರಾದರೆ ಡೈಲಾಗ್ ಮುಚ್ಚಿ ಮುಂದುವರಿಯುವಂತಿಲ್ಲ. ಡೈಲಾಗ್‌ನ ಹಿಂದೆ ಕಾಣುವ ಪುಟದಲ್ಲಿರುವುದು ಮೊದಲಿನವರ ಮಾಹಿತಿ, ಪೂರ್ತಿ ರಿಲೋಡ್ ಮಾಡಲೇಬೇಕು.

ಪಾಸ್‌ಕೀ ಸೇರಿಸುವುದಾದರೆ ಮೊದಲ ಫೀಲ್ಡಿನ ಆಟೋಕಂಪ್ಲೀಟ್ 'ಯೂಸರ್‌ನೇಮ್ ವೆಬ್‌ಆಥನ್' ಆಗುತ್ತದೆ, 'ವೆಬ್‌ಆಥನ್' ಕೊನೆಯಲ್ಲೇ ಇರಬೇಕು. ಪಾಸ್‌ಕೀಗಾಗಿ ಹಿನ್ನೆಲೆಯಲ್ಲಿ ಕಾಯುವ ರಿಕ್ವೆಸ್ಟ್ ಪುಟಕ್ಕೆ ಒಂದೇ ಇರಬೇಕು. ಆದ್ದರಿಂದ ಕಾಂಪೊನೆಂಟ್ ಅನ್‌ಮೌಂಟ್ ಆಗುವಾಗ ಅಬಾರ್ಟ್‌ಕಂಟ್ರೋಲರ್‌ನಿಂದ ಅದನ್ನು ರದ್ದು ಮಾಡಿ. ಇಲ್ಲದಿದ್ದರೆ ಹಿಂದಿನ ಪುಟದ ಫಾರ್ಮ್ ಬಿಟ್ಟುಹೋದ ರಿಕ್ವೆಸ್ಟ್ ಈ ಡೈಲಾಗ್‌ಗೆ ಅಡ್ಡ ಬರುತ್ತದೆ.

ಪರೀಕ್ಷೆಗಳಲ್ಲಿ ಫೀಲ್ಡ್‌ಗಳನ್ನು ಕ್ಲಾಸ್ ಹೆಸರಿನಿಂದ ಹುಡುಕದೆ ಲೇಬಲ್‌ನಿಂದ ಹುಡುಕಿ. ಲೇಬಲ್ ಕಡಿದುಹೋದರೆ ಪರೀಕ್ಷೆಯೂ ಬೀಳುತ್ತದೆ. ಜಾವಾಸ್ಕ್ರಿಪ್ಟ್ ಆಫ್ ಮಾಡಿ ಸಬ್‌ಮಿಟ್ ಮಾಡಿದಾಗ ವಿಳಾಸದಲ್ಲಿ ಪಾಸ್‌ವರ್ಡ್ ಇಲ್ಲ, ಎರಡು ಫಾರ್ಮ್ ಇರುವ ಪುಟದಲ್ಲಿ ಐಡಿ ಪುನರಾವರ್ತನೆ ಇಲ್ಲ, 70 ಅಕ್ಷರ ಪೇಸ್ಟ್ ಮಾಡಿದರೆ 70ಕ್ಕೆ 70 ಹೋಗುತ್ತದೆ, ಎಂಟರ್‌ಗೆ ಕಣ್ಣು ತೆರೆಯುವುದಿಲ್ಲ: ಈ ನಾಲ್ಕಕ್ಕೆ ಪರೀಕ್ಷೆ ಬರೆದಿಟ್ಟರೆ ಮೇಲೆ ಹೇಳಿದ ದೊಡ್ಡ ತಪ್ಪುಗಳು ಮರಳಿ ಬರುವುದಿಲ್ಲ. ಕನ್ನಡ ಲೇಬಲ್ ಹಾಕಿ ಒಮ್ಮೆ ನೋಡುವುದೂ ಒಳ್ಳೆಯದು. ಲೈನ್-ಹೈಟ್ ಅನ್ನು 1ಕ್ಕೆ ಕಟ್ಟಿಹಾಕಿ ಓವರ್‌ಫ್ಲೋ ಅಡಗಿಸಿದ ಬಟನ್‌ಗಳಲ್ಲಿ ಒತ್ತಕ್ಷರ ಕೆಳಗಡೆ ಕತ್ತರಿಸಿಹೋಗುತ್ತದೆ.

ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆ: ಇದೇ ಕಾಂಪೊನೆಂಟ್ ಅನ್ನು ನೋಂದಣಿಗೂ ಪಾಸ್‌ವರ್ಡ್ ಬದಲಾವಣೆಗೂ ಬಳಸಬಹುದೇ? ಬೇಡ. ಅಲ್ಲಿ ಆಟೋಕಂಪ್ಲೀಟ್ 'ನ್ಯೂ-ಪಾಸ್‌ವರ್ಡ್' ಆಗಬೇಕು, ಉದ್ದದ ನಿಯಮ ಬೇಕು, ತಪ್ಪಿನ ವಾಕ್ಯಗಳು ಬೇರೆ. ಲಾಗಿನ್ ಫಾರ್ಮಿಗೆ 'ಮೋಡ್' ಎಂಬ ಪ್ರಾಪ್ ಕೊಟ್ಟು ಎರಡನ್ನೂ ಮಾಡಿಸಲು ಹೋದರೆ ಒಳಗೆಲ್ಲ ಇಫ್-ಎಲ್ಸ್ ತುಂಬಿಕೊಳ್ಳುತ್ತದೆ. ಕಣ್ಣಿನ ಬಟನ್ ಸಮೇತ ಪಾಸ್‌ವರ್ಡ್ ಫೀಲ್ಡನ್ನು ಮಾತ್ರ ಬೇರೆ ಚಿಕ್ಕ ಕಾಂಪೊನೆಂಟ್ ಮಾಡಿ, ಆಟೋಕಂಪ್ಲೀಟ್ ಅನ್ನು ಅದರ ಕಡ್ಡಾಯ ಪ್ರಾಪ್ ಮಾಡಿ, ಮೂರೂ ಫಾರ್ಮ್‌ಗಳು ಅದನ್ನು ಹಂಚಿಕೊಳ್ಳಲಿ. ಆಮೇಲೆ ಟೈಪ್ 'ಪಾಸ್‌ವರ್ಡ್' ಇರುವ ಇನ್‌ಪುಟ್ ಆ ಫೈಲ್ ಬಿಟ್ಟು ಬೇರೆಲ್ಲಾದರೂ ಕಂಡರೆ ಬಿಲ್ಡ್ ನಿಲ್ಲಿಸುವ ಲಿಂಟ್ (ಕೋಡ್ ತಪಾಸಣೆಯ) ನಿಯಮವೊಂದನ್ನು ಸೇರಿಸಿ. ಹಳೆಯ ಫಾರ್ಮ್‌ಗಳು ಎಲ್ಲೆಲ್ಲಿ ಉಳಿದಿವೆ ಎಂಬ ಪಟ್ಟಿ ಮೊದಲ ಬಿಲ್ಡ್‌ನಲ್ಲೇ ಸಿಗುತ್ತದೆ.